ಗಲ್ಫ್‌ನ ಇಂಗ್ಲಿಷ್ ಶಿಕ್ಷಕ ಹುದ್ದೆ: ಕಾಸರಗೋಡಿನ ಪದವೀಧರರು ಎಡವುವುದೆಲ್ಲಿ?

ಒಂದರಿಂದ ಎಂಟನೆಯ ತರಗತಿಯವರೆಗೆ ಪಾಠ ಮಾಡುವ, ನಿವೃತ್ತಿಗೆ ಐದು ವರ್ಷಕ್ಕಿಂತ ಹೆಚ್ಚಿನ ಅವಧಿ ಉಳಿದಿರುವ ಶಿಕ್ಷಕರು ಸೇವೆಯಲ್ಲಿ ಮುಂದುವರಿಯಬೇಕಾದರೆ ಎರಡು ವರ್ಷಗಳೊಳಗೆ ಶಿಕ್ಷಕ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗಲೇಬೇಕೆಂದು ಸುಪ್ರೀಂ ಕೋರ್ಟ್ 2025ರ ಸೆಪ್ಟೆಂಬರ್ 1ರಂದು ತೀರ್ಪು ನೀಡಿತು. ಅದೇ ವರ್ಷ ದುಬೈಯ ಖಾಸಗಿ ಶಾಲೆಗಳನ್ನು ನಿಯಂತ್ರಿಸುವ ಪ್ರಾಧಿಕಾರವಾದ ಕೆಎಚ್‌ಡಿಎ ಶಿಕ್ಷಕರ ನೇಮಕಾತಿಯ ಬಗ್ಗೆ ಹೊಸ ಮಾರ್ಗಸೂಚಿಯನ್ನು ಹೊರಡಿಸಿತು. ಮನೆಗೊಬ್ಬರಂತೆ ಗಲ್ಫ್‌ನಲ್ಲಿರುವ ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಈ ಎರಡು ಸುದ್ದಿಗಳು ಒಂದಕ್ಕೊಂದು ಬೆರೆತು ಗೊಂದಲವನ್ನು ಹುಟ್ಟಿಸಿವೆ. ಗಲ್ಫ್‌ನಲ್ಲಿ ಇಂಗ್ಲಿಷ್ ಕಲಿಸಲು ಕೇರಳದ ಅರ್ಹತಾ ಪರೀಕ್ಷೆಯಾದ ಕೆ-ಟೆಟ್ ಬೇಕೇ, ಬಿ.ಎಡ್. ಸಾಕೇ, 120 ಗಂಟೆಗಳ ಆನ್‌ಲೈನ್ ಸರ್ಟಿಫಿಕೇಟ್ ಇದ್ದರೆ ಬಿ.ಎಡ್. ಬೇಡವೇ ಎಂಬ ಪ್ರಶ್ನೆಗಳು ಒಟ್ಟಿಗೇ ಎದ್ದಿವೆ.

ಮೊದಲನೆಯದಕ್ಕೆ ಉತ್ತರ ನೇರವಾಗಿದೆ. ಅರ್ಹತಾ ಪರೀಕ್ಷೆಯ ಮೂಲ ಇರುವುದು ಭಾರತದ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ. ಆ ಕಾಯ್ದೆಯ ಅಧಿಕಾರ ದೇಶದ ಗಡಿಯೊಳಗೇ ಮುಗಿಯುತ್ತದೆ. ಗಲ್ಫ್‌ನ ಯಾವ ಸರಕಾರವೂ ಅದನ್ನು ತನ್ನ ಷರತ್ತಾಗಿ ಇಟ್ಟುಕೊಂಡಿಲ್ಲ. ಸಿಬಿಎಸ್‌ಇ ಸಂಯೋಜನೆ ಪಡೆದ ಅಲ್ಲಿನ ಭಾರತೀಯ ಶಾಲೆಯೊಂದು ಅಭ್ಯರ್ಥಿಯ ಕೈಯಲ್ಲಿ ಟೆಟ್ ಇರುವುದನ್ನು ಮೆಚ್ಚಬಹುದು, ಅಷ್ಟೆ. ಉಳಿದ ಪ್ರಶ್ನೆಗಳಿಗೆ ಉತ್ತರ ಇಷ್ಟು ಸರಳವಲ್ಲ.

ಗಲ್ಫ್ ಎಂಬುದು ಒಂದೇ ದೇಶವಲ್ಲ

ನಮ್ಮ ಮಾತಿನಲ್ಲಿ ‘ಗಲ್ಫ್’ ಎಂಬುದು ಒಂದೇ ಊರಿನ ಹೆಸರಿನಂತೆ ಬಂದುಹೋಗುತ್ತದೆ. ಆದರೆ ಸೌದಿ ಅರೇಬಿಯಾ, ಯುಎಇ, ಕತಾರ್, ಕುವೈತ್, ಒಮಾನ್, ಬಹ್ರೈನ್ ಎಂಬ ಆರು ದೇಶಗಳಿಗೂ ಆರು ಶಿಕ್ಷಣ ಸಚಿವಾಲಯಗಳಿವೆ, ಆರು ಬಗೆಯ ನಿಯಮಗಳಿವೆ. ಯುಎಇಯ ಒಳಗೇ ದುಬೈಗೆ ಕೆಎಚ್‌ಡಿಎ, ಅಬುಧಾಬಿಗೆ ಅಡೆಕ್, ಶಾರ್ಜಾಕ್ಕೆ ಎಸ್‌ಪಿಇಎ ಎಂಬ ಬೇರೆಬೇರೆ ಪ್ರಾಧಿಕಾರಗಳಿವೆ. ಶಾರ್ಜಾದ ಶಾಲೆಯಲ್ಲಿ ನಾಲ್ಕು ವರ್ಷ ಕಲಿಸಿದವರು ದುಬೈಯ ಶಾಲೆಗೆ ಬದಲಾದಾಗ ಮತ್ತೊಂದು ಅನುಮೋದನೆಯನ್ನು ಪಡೆಯಬೇಕಾಗುತ್ತದೆ.

ಕೆಲಸ ಕೊಡುವ ಸಂಸ್ಥೆಗಳೂ ಒಂದೇ ಬಗೆಯವಲ್ಲ. ಭಾರತೀಯ ಪಠ್ಯಕ್ರಮದ ಶಾಲೆಗಳು, ಬ್ರಿಟಿಷ್ ಅಥವಾ ಅಮೆರಿಕನ್ ಪಠ್ಯಕ್ರಮದ ಶಾಲೆಗಳು, ಅಲ್ಲಿನ ಪ್ರಜೆಗಳ ಮಕ್ಕಳೇ ಹೆಚ್ಚಾಗಿರುವ ಸರಕಾರಿ ಹಾಗೂ ಖಾಸಗಿ ಶಾಲೆಗಳು, ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಭಾಷಾ ಕೇಂದ್ರಗಳು, ವಿಶ್ವವಿದ್ಯಾಲಯಗಳ ಪೂರ್ವಸಿದ್ಧತಾ ವರ್ಷದ ವಿಭಾಗಗಳು ಇವೆಲ್ಲಕ್ಕೂ ‘ಇಂಗ್ಲಿಷ್ ಟೀಚರ್’ ಬೇಕು. ಆದರೆ ಆ ಎರಡು ಪದಗಳಿಂದ ಪ್ರತಿಯೊಂದು ಸಂಸ್ಥೆಯೂ ಬೇರೆಯದನ್ನೇ ಉದ್ದೇಶಿಸುತ್ತದೆ. ಭಾರತೀಯ ಶಾಲೆಗೆ ಬೇಕಾಗಿರುವವರು ಬಿ.ಎ. ಅಥವಾ ಎಂ.ಎ. ಇಂಗ್ಲಿಷ್ ಜೊತೆಗೆ ಬಿ.ಎಡ್. ಮಾಡಿ, ಎರಡು ವರ್ಷವಾದರೂ ತರಗತಿಯಲ್ಲಿ ನಿಂತ ಅನುಭವವುಳ್ಳವರು. ಭಾಷಾ ಕೇಂದ್ರಕ್ಕೆ ಬೇಕಾಗಿರುವವರು ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿ ಪಡೆದವರು. ಜಾಹೀರಾತಿನಲ್ಲಿ ಈ ಭೇದವು ಕಾಣುವುದಿಲ್ಲ. ಗೊಂದಲದ ಅರ್ಧ ಭಾಗ ಹುಟ್ಟುವುದು ಇಲ್ಲಿಯೇ.

ಶಾಲೆ ಒಪ್ಪಿದರೂ ಸರಕಾರ ಒಪ್ಪಬೇಕು

ಅಭ್ಯರ್ಥಿಯನ್ನು ಸಂದರ್ಶನ ಮಾಡಿ ಆಯ್ಕೆ ಮಾಡುವುದು ಶಾಲೆ. ಆದರೆ ಆಯ್ಕೆಯಾದವರ ಕಡತವನ್ನು ಶಾಲೆಯು ಪ್ರಾಧಿಕಾರಕ್ಕೆ ಸಲ್ಲಿಸಬೇಕು. ಪ್ರಾಧಿಕಾರವು ಪದವಿ ಯಾವ ವಿಷಯದಲ್ಲಿದೆ, ಕಲಿಸಲಿರುವ ವಿಷಯವೂ ಅದೇ ಆಗಿದೆಯೇ, ಪದವಿಯನ್ನು ಯಾವ ವಿಧಾನದಲ್ಲಿ ಪಡೆಯಲಾಗಿದೆ, ಪ್ರಮಾಣಪತ್ರ ಅಸಲಿಯೇ ಎಂಬುದನ್ನೆಲ್ಲ ನೋಡಿದ ಮೇಲಷ್ಟೇ ಅನುಮೋದನೆ ನೀಡುತ್ತದೆ. ಯುಎಇ 2017ರಲ್ಲಿ ಶಿಕ್ಷಕರ ಪರವಾನಗಿ ವ್ಯವಸ್ಥೆಯನ್ನೂ ಆರಂಭಿಸಿತು. ಬೋಧನಾ ಕೌಶಲಕ್ಕೆ ಒಂದು, ಬೋಧಿಸುವ ವಿಷಯಕ್ಕೆ ಮತ್ತೊಂದು ಹೀಗೆ ಎರಡು ಪರೀಕ್ಷೆಗಳು ಅದರಲ್ಲಿವೆ. ಇಂಗ್ಲಿಷ್ ಶಿಕ್ಷಕರಿಂದ ಐಇಎಲ್‌ಟಿಎಸ್‌ನಂತಹ ಭಾಷಾ ಪರೀಕ್ಷೆಯ ಅಂಕವನ್ನು ಕೇಳುವುದೂ ಸಾಮಾನ್ಯ. ಬೇಕಾದ ಅಂಕವು ಪ್ರಾಧಿಕಾರಕ್ಕೂ ಶಾಲೆಗೂ ತಕ್ಕಂತೆ ಬದಲಾಗುತ್ತದೆ.

ಬಿ.ಎಸ್ಸಿ. ಮುಗಿಸಿ, ಇಂಗ್ಲಿಷ್ ಮೇಲಿನ ಪ್ರೀತಿಯಿಂದ ದೂರಶಿಕ್ಷಣದ ಮೂಲಕ ಎಂ.ಎ. ಇಂಗ್ಲಿಷ್ ಮಾಡಿಕೊಂಡವರು ಈ ಹಂತದಲ್ಲಿ ಸಿಕ್ಕಿಬೀಳುತ್ತಾರೆ. ಪ್ರಾಧಿಕಾರಗಳು ಮುಖ್ಯವಾಗಿ ಗಮನಿಸುವುದು ಮೊದಲ ಪದವಿಯನ್ನು. ಅದು ರಸಾಯನಶಾಸ್ತ್ರದಲ್ಲಿದ್ದರೆ ಇಂಗ್ಲಿಷ್ ಶಿಕ್ಷಕರೆಂದು ಅನುಮೋದನೆ ಪಡೆಯುವುದು ಕಷ್ಟ, ಸಂದರ್ಶನದಲ್ಲಿ ಅವರು ಎಷ್ಟೇ ಸೊಗಸಾಗಿ ಪಾಠ ಮಾಡಿ ತೋರಿಸಿದ್ದರೂ.

ಪ್ಯಾರಲಲ್ ಕಾಲೇಜಿನ ಮೂರು ವರ್ಷಗಳು

ಕಾಸರಗೋಡಿನ ಮಟ್ಟಿಗೆ ಎಲ್ಲಕ್ಕಿಂತ ನೋವಿನ ವಿಚಾರವಿದು, ಎಲ್ಲಕ್ಕಿಂತ ಕಡಿಮೆ ಚರ್ಚೆಯಾಗಿರುವುದೂ ಇದೇ. ಸರಕಾರಿ ಅಥವಾ ಅನುದಾನಿತ ಕಾಲೇಜುಗಳಲ್ಲಿ ಸೀಟು ಸಿಗದ ವಿದ್ಯಾರ್ಥಿಗಳು ವಿಶ್ವವಿದ್ಯಾಲಯದಲ್ಲಿ ‘ಪ್ರೈವೆಟ್ ರಿಜಿಸ್ಟ್ರೇಶನ್’ ಮಾಡಿಸಿಕೊಂಡು, ಪಾಠಕ್ಕಾಗಿ ಪೇಟೆಯ ಪ್ಯಾರಲಲ್ ಕಾಲೇಜಿಗೆ ಸೇರುವುದು ಕೇರಳದಲ್ಲಿ ದಶಕಗಳಿಂದ ನಡೆದುಬಂದ ಪದ್ಧತಿ. ಈ ವಿದ್ಯಾರ್ಥಿಗಳು ಮೂರು ವರ್ಷ ದಿನವೂ ಬಸ್ಸು ಹತ್ತಿ ತರಗತಿಗೆ ಹೋಗಿದ್ದಾರೆ, ಹಾಜರಿ ಹಾಕಿಸಿಕೊಂಡಿದ್ದಾರೆ, ರೆಗ್ಯುಲರ್ ವಿದ್ಯಾರ್ಥಿಗಳು ಬರೆದ ಪಠ್ಯದಲ್ಲೇ ಪರೀಕ್ಷೆ ಬರೆದಿದ್ದಾರೆ. ಆದರೆ ವಿಶ್ವವಿದ್ಯಾಲಯದ ದಾಖಲೆಯಲ್ಲಿ ಅವರು ಯಾವ ಕಾಲೇಜಿನಲ್ಲೂ ಓದಿಲ್ಲ. ಗಲ್ಫ್‌ನಿಂದ ಪರಿಶೀಲನಾ ಸಂಸ್ಥೆಯೊಂದು ವಿಶ್ವವಿದ್ಯಾಲಯವನ್ನು ಸಂಪರ್ಕಿಸಿ ‘ಕಲಿಕೆಯ ವಿಧಾನ ಯಾವುದು’ ಎಂದು ಕೇಳಿದಾಗ ‘ಪ್ರೈವೆಟ್’ ಎಂಬ ಉತ್ತರ ಹೋಗುತ್ತದೆ. ನಮ್ಮ ಪದವಿ ಅಲ್ಲಿನ ಪದವಿಗೆ ಸಮಾನವೆಂದು ಹೇಳುವ ತತ್ಸಮಾನ ಪ್ರಮಾಣಪತ್ರ, ಎಂದರೆ ಎಲ್ಲರೂ ಈಕ್ವಿವಲೆನ್ಸಿ ಎನ್ನುವ ಕಾಗದ, ಅಲ್ಲಿಗೆ ನಿಂತುಬಿಡುತ್ತದೆ.

2018ರ ಸುಮಾರಿಗೆ ಯುಎಇಯಲ್ಲಿದ್ದ ಭಾರತೀಯ ಶಿಕ್ಷಕರು ಈ ಸಮಸ್ಯೆಯನ್ನು ತೀವ್ರವಾಗಿ ಎದುರಿಸಿದರು. ಆಗ ರೆಗ್ಯುಲರ್ ಪದವೀಧರರೂ ತೊಂದರೆಗೊಳಗಾದರು. ನಮ್ಮ ಅಂಕಪಟ್ಟಿಗಳಲ್ಲಿ ‘ಇಂಟರ್ನಲ್’, ‘ಎಕ್ಸ್‌ಟರ್ನಲ್’ ಎಂಬ ಎರಡು ಕಾಲಂಗಳಿರುತ್ತವೆ. ಮೊದಲನೆಯದು ಕಾಲೇಜು ನೀಡುವ ಆಂತರಿಕ ಅಂಕ, ಎರಡನೆಯದು ವಿಶ್ವವಿದ್ಯಾಲಯದ ಪರೀಕ್ಷೆಯ ಅಂಕ. ಆದರೆ ‘ಎಕ್ಸ್‌ಟರ್ನಲ್’ ಎಂಬುದನ್ನು ಕಾಲೇಜಿನ ಹೊರಗೆ ಓದಿದ್ದು ಎಂದು ಅಲ್ಲಿ ಅರ್ಥ ಮಾಡಿಕೊಂಡದ್ದರಿಂದ ಅರ್ಜಿಗಳು ತಿರಸ್ಕೃತವಾದವು. ಭಾರತದ ರಾಯಭಾರ ಕಚೇರಿ ಮಧ್ಯಪ್ರವೇಶಿಸಿ ವಿವರಣೆ ಕೊಟ್ಟ ಮೇಲೆ ಆ ತಪ್ಪು ತಿಳಿವಳಿಕೆಯು ನಿವಾರಣೆಯಾಯಿತು. ನಿಜವಾಗಿಯೂ ಪ್ರೈವೆಟ್ ಆಗಿ ನೋಂದಾಯಿಸಿಕೊಂಡವರ ಪಾಡು ಮಾತ್ರ ಹಾಗೆಯೇ ಉಳಿಯಿತು.

ಇಲ್ಲಿ ಎರಡು ವಾದಗಳು ಮುಖಾಮುಖಿಯಾಗುತ್ತವೆ. ಮಾನ್ಯತೆ ಪಡೆದ ಸಂಸ್ಥೆಗಳು ನೀಡುವ ದೂರಶಿಕ್ಷಣ ಹಾಗೂ ಆನ್‌ಲೈನ್ ಪದವಿಗಳು ಸಾಂಪ್ರದಾಯಿಕ ಪದವಿಗೆ ಸಮಾನವೆಂದು ಯುಜಿಸಿ 2022ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ ಸ್ಪಷ್ಟಪಡಿಸಿತು. ಭಾರತದೊಳಗಿನ ಉದ್ಯೋಗಕ್ಕೆ ಈ ಮಾತು ಸಾಕು. ಆದರೆ ಸಮಾನತೆಯನ್ನು ಘೋಷಿಸುವ ಅಧಿಕಾರ ಕೆಲಸ ಕೊಡುವ ದೇಶಕ್ಕೂ ಇದೆ. ಶಿಕ್ಷಕ ವೃತ್ತಿಗೆ ಮುಖಾಮುಖಿ ತರಬೇತಿ ಅನಿವಾರ್ಯವೆಂದು ಅದು ವಾದಿಸಿದರೆ ಯುಜಿಸಿಯ ಸುತ್ತೋಲೆಯನ್ನು ತೋರಿಸಿ ಪ್ರಯೋಜನವಿಲ್ಲ. ನಕಲಿ ಪದವಿಗಳ ಪ್ರಕರಣಗಳನ್ನು ಕಂಡ ದೇಶಗಳು ಬಿಗಿಯಾಗಿರುವುದನ್ನು ತಪ್ಪೆನ್ನಲಾಗದು. ಆದರೆ ದಿನವೂ ತರಗತಿಯಲ್ಲಿ ಕುಳಿತು ಓದಿದವರನ್ನೂ ಮನೆಯಲ್ಲಿ ಕುಳಿತು ಪರೀಕ್ಷೆ ಬರೆದವರನ್ನೂ ಒಂದೇ ಪದದಡಿ ಸೇರಿಸಿದ್ದು ನಮ್ಮ ವ್ಯವಸ್ಥೆಯೇ. ಅದರ ಬೆಲೆಯನ್ನು ಹೆಚ್ಚಾಗಿ ತೆರುತ್ತಿರುವವರು ಬಡ ಕುಟುಂಬಗಳ ಹೆಣ್ಣುಮಕ್ಕಳು. ಇದು ಅನ್ಯಾಯವೆಂದು ಹೇಳದೆ ಮುಂದೆ ಹೋಗುವಂತಿಲ್ಲ.

ಕರ್ನಾಟಕದ ಕಡೆಗೆ ಹೋದವರಿಗೂ ಇಂತಹದೇ ಒಂದು ಗುಂಡಿಯಿದೆ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ 2013–14ರಿಂದ ಕೆಲವು ವರ್ಷ ಯುಜಿಸಿ ಮಾನ್ಯತೆ ಇರಲಿಲ್ಲ, 2018ರಲ್ಲಿ ಅದು ಮರಳಿ ದೊರೆಯಿತು. ಆ ನಡುವಿನ ವರ್ಷಗಳ ಪ್ರಮಾಣಪತ್ರ ಹಿಡಿದವರು ಅರ್ಜಿ ಸಲ್ಲಿಸುವ ಮೊದಲು ತಮ್ಮ ಪ್ರವೇಶದ ವರ್ಷವನ್ನು ನೋಡಿಕೊಳ್ಳಬೇಕು.

120 ಗಂಟೆಗಳ ಸರ್ಟಿಫಿಕೇಟ್ ಯಾರಿಗೆ?

ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ತರಬೇತಿಯೆಂದು ಟೆಫೆಲ್, ಟೆಸೋಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕೋರ್ಸ್‌ಗಳೆಲ್ಲ ಒಂದೇ ತೂಕದವಲ್ಲ. ಕೇಂಬ್ರಿಡ್ಜ್‌ನ ಸೆಲ್ಟಾದಲ್ಲಿ ಸುಮಾರು 120 ಗಂಟೆಗಳ ತರಬೇತಿಯ ಭಾಗವಾಗಿ ನಿಜವಾದ ವಿದ್ಯಾರ್ಥಿಗಳ ಮುಂದೆ ಆರು ಗಂಟೆ ಪಾಠ ಮಾಡಿ ತೋರಿಸಬೇಕು, ತರಬೇತುದಾರರು ಅದನ್ನು ಕುಳಿತು ನೋಡಿ ಮೌಲ್ಯಮಾಪನ ಮಾಡುತ್ತಾರೆ. ಟ್ರಿನಿಟಿ ಕಾಲೇಜಿನ ಕೋರ್ಸೂ ಇದೇ ಬಗೆಯದು. ಇನ್ನು, ವೀಡಿಯೋ ನೋಡಿ ಪ್ರಶ್ನೆಗಳಿಗೆ ಟಿಕ್ ಮಾಡಿದರೆ ವಾರದೊಳಗೆ ಕೈಸೇರುವ ಸರ್ಟಿಫಿಕೇಟ್‌ಗಳ ಮೇಲೂ ‘120 ಗಂಟೆ’ ಎಂದೇ ಬರೆದಿರುತ್ತದೆ. ಸಂಖ್ಯೆ ಒಂದೇ ಆದ್ದರಿಂದ ಎರಡೂ ಒಂದೇ ಎಂದು ಅಭ್ಯರ್ಥಿಗಳು ನಂಬುತ್ತಾರೆ, ನಂಬಿಸಲೂ ಜನರಿದ್ದಾರೆ.

ಸೆಲ್ಟಾ ಕೂಡ ಬಿ.ಎಡ್.ನ ಜಾಗವನ್ನು ತುಂಬುವುದಿಲ್ಲ. ಸೆಲ್ಟಾ ಇರುವುದು ವಯಸ್ಕರಿಗೆ ಭಾಷೆ ಕಲಿಸುವುದಕ್ಕೆ. ಶಾಲೆಯಲ್ಲಿ ಮಕ್ಕಳಿಗೆ ಕಲಿಸುವ ಅನುಮೋದನೆಗೆ ಪ್ರಾಧಿಕಾರ ಕೇಳುವುದು ಶಿಕ್ಷಣಶಾಸ್ತ್ರದ ಪದವಿಯನ್ನು. ಹಾಗೆಂದು ಸೆಲ್ಟಾ ವ್ಯರ್ಥವಲ್ಲ. ಎಂ.ಎ. ಇಂಗ್ಲಿಷ್ ಪಡೆದವರು ಭಾಷಾ ಕೇಂದ್ರ ಅಥವಾ ವಿಶ್ವವಿದ್ಯಾಲಯದ ಪೂರ್ವಸಿದ್ಧತಾ ವಿಭಾಗಕ್ಕೆ ಅರ್ಜಿ ಹಾಕುವುದಾದರೆ ಬಿ.ಎಡ್.ಗಿಂತ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಹುಟ್ಟುಭಾಷಿಕರೆಂಬ ಗೋಡೆ

ವಿಶ್ವವಿದ್ಯಾಲಯ ಹಾಗೂ ಅಂತಾರಾಷ್ಟ್ರೀಯ ಶಾಲೆಗಳ ಜಾಹೀರಾತುಗಳಲ್ಲಿ ಬ್ರಿಟನ್, ಐರ್ಲೆಂಡ್, ಅಮೆರಿಕ, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಎಂಬ ಏಳು ದೇಶಗಳ ಪಾಸ್‌ಪೋರ್ಟ್ ಕೇಳುವುದನ್ನು ಹಲವೆಡೆ ಕಾಣಬಹುದು. ಇಲ್ಲಿ ಅಭ್ಯರ್ಥಿಯ ಅರ್ಹತೆಯನ್ನು ತೂಗುವುದೇ ಇಲ್ಲ, ಹುಟ್ಟಿದ ದೇಶವನ್ನಷ್ಟೇ ನೋಡಲಾಗುತ್ತದೆ. ಉಚ್ಚಾರಣೆ ಸಹಜವಾಗಿರುತ್ತದೆ, ಶುಲ್ಕ ಕೊಡುವ ಪಾಲಕರು ಬಯಸುತ್ತಾರೆ ಎಂಬುದು ಸಂಸ್ಥೆಗಳ ಸಮರ್ಥನೆ. ಭಾಷೆಯನ್ನು ತಾವೇ ಕಷ್ಟಪಟ್ಟು ಕಲಿತವರಿಗೆ ಕಲಿಯುವವರ ಕಷ್ಟ ಗೊತ್ತಿರುತ್ತದೆ ಎಂಬುದು ಭಾಷಾಶಿಕ್ಷಣ ಬಲ್ಲ ಅನೇಕರ ಪ್ರತಿವಾದ.

ಎರಡನೆಯ ವಾದದಲ್ಲಿ ಹುರುಳಿದೆ. ಅರಬ್ಬಿಯಲ್ಲಿ ‘ಪ’ ಧ್ವನಿಯಿಲ್ಲ. ಆದ್ದರಿಂದ ಅರಬ್ಬಿ ಮಕ್ಕಳು ‘ಪಾರ್ಕ್’ ಎನ್ನಬೇಕಾದಲ್ಲಿ ‘ಬಾರ್ಕ್’ ಎನ್ನುತ್ತಾರೆ. ನಮ್ಮವರು ‘ಎಗ್’ ಎನ್ನುವಲ್ಲಿ ‘ಯೆಗ್’ ಎಂದೂ ‘ಓನ್ಲಿ’ ಎನ್ನುವಲ್ಲಿ ‘ವೋನ್ಲಿ’ ಎಂದೂ ಹೇಳುವುದು ಇದೇ ಬಗೆಯ ತಪ್ಪು. ಮನೆಯ ಭಾಷೆಯ ಧ್ವನಿಯ ಅಭ್ಯಾಸ ಹೊಸ ಭಾಷೆಯೊಳಕ್ಕೆ ನುಸುಳುವುದರಿಂದ ಅದು ಆಗುತ್ತದೆ. ತನ್ನ ನಾಲಿಗೆಯನ್ನು ತಾನೇ ತಿದ್ದಿಕೊಂಡ ಶಿಕ್ಷಕಿಗೆ ಮಗುವಿನ ನಾಲಿಗೆ ಎಲ್ಲಿ ತೊಡಕುತ್ತದೆ ಎಂಬುದು ಬೇಗ ತಿಳಿಯುತ್ತದೆ. ಕನ್ನಡ, ಮಲಯಾಳಂ, ತುಳು, ಕೊಂಕಣಿ, ಮರಾಠಿ, ಬ್ಯಾರಿ, ಉರ್ದುಗಳ ನಡುವೆ ಬೆಳೆದವರಿಗೆ, ಈ ನಾಡನ್ನು ಸಪ್ತಭಾಷಾ ಸಂಗಮಭೂಮಿ ಎಂದು ಕರೆಯುವುದು ಸುಮ್ಮನೆ ಅಲ್ಲ, ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟುವುದು ದಿನದ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿದ್ದು ಅಡ್ಡಿಯಾಗುತ್ತದೆ ಎಂಬ ಅಳುಕು ಇಲ್ಲಿನ ಅನೇಕ ಅಭ್ಯರ್ಥಿಗಳಲ್ಲಿದೆ. ಪ್ರಾಧಿಕಾರಗಳು ನೋಡುವುದು ಪದವಿಯ ವಿಷಯ ಮತ್ತು ವಿಧಾನವನ್ನು. ಹತ್ತನೆಯ ತರಗತಿಯ ಮಾಧ್ಯಮದ ಬಗ್ಗೆ ಅಂಜಬೇಕಾಗಿಲ್ಲ.

ಆದರೆ ಏಳು ದೇಶಗಳ ಗೋಡೆ ನಾಳೆಯೇ ಬೀಳುವುದಿಲ್ಲ. ಸೌದೀಕರಣ, ಒಮಾನೀಕರಣದಂತಹ ಸ್ಥಳೀಯರಿಗೆ ಆದ್ಯತೆ ನೀಡುವ ನೀತಿಗಳ ಒತ್ತಡವೂ ಜೊತೆಗಿದೆ. ಆದ್ದರಿಂದ ನಮ್ಮ ಅಭ್ಯರ್ಥಿಗಳಿಗೆ ಗಟ್ಟಿಯಾಗಿ ತೆರೆದಿರುವ ಬಾಗಿಲು ಭಾರತೀಯ ಪಠ್ಯಕ್ರಮದ ಶಾಲೆಗಳದೇ. ಅಲ್ಲಿ ವೇತನ ಪಾಶ್ಚಾತ್ಯ ಪಠ್ಯಕ್ರಮದ ಶಾಲೆಗಳಿಗಿಂತ ಕಡಿಮೆ.

ಗಡಿ ದಾಟಿದ ಪ್ರಮಾಣಪತ್ರಗಳು

ಅಟೆಸ್ಟೇಶನ್, ಎಂದರೆ ಪ್ರಮಾಣಪತ್ರ ಅಸಲಿಯೆಂದು ಸರಕಾರದಿಂದ ದೃಢೀಕರಣ ಪಡೆಯುವುದು, ಎಲ್ಲ ಭಾರತೀಯರಿಗೂ ಇರುವ ಕೆಲಸವಾದರೂ ಕಾಸರಗೋಡಿನವರಿಗೆ ಅದು ದುಪ್ಪಟ್ಟು. 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಸೇರಿದ ಮೇಲೂ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯಗಳ ಮಕ್ಕಳು ಪದವಿಗಾಗಿ ಮಂಗಳೂರು, ಪುತ್ತೂರು, ಸುಳ್ಯಗಳಿಗೆ ಹೋಗುವುದು ನಿಂತಿಲ್ಲ. ಹೀಗಾಗಿ ಒಬ್ಬರ ಕಡತದಲ್ಲೇ ಕೇರಳದ ಎಸ್‌ಎಸ್‌ಎಲ್‌ಸಿ ಪುಸ್ತಕ, ಮಂಗಳೂರು ವಿಶ್ವವಿದ್ಯಾಲಯದ ಬಿ.ಎ., ಕಣ್ಣೂರು ವಿಶ್ವವಿದ್ಯಾಲಯದ ಬಿ.ಎಡ್. ಇರುವುದುಂಟು. ಹಳಬರಾದರೆ ಕಲ್ಲಿಕೋಟೆ ವಿಶ್ವವಿದ್ಯಾಲಯದ ಪದವಿಯಿರುತ್ತದೆ, ಏಕೆಂದರೆ ಕಣ್ಣೂರು ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1996ರಲ್ಲಿ.

ಪ್ರಮಾಣಪತ್ರವನ್ನು ಮೊದಲು ದೃಢೀಕರಿಸಬೇಕಾದದ್ದು ಅದನ್ನು ನೀಡಿದ ರಾಜ್ಯ. ಕೇರಳದ ಪ್ರಮಾಣಪತ್ರಗಳಿಗೆ ಅನಿವಾಸಿ ಕೇರಳೀಯರಿಗಾಗಿರುವ ಸರಕಾರಿ ಸಂಸ್ಥೆ ನೋರ್ಕಾ ರೂಟ್ಸ್ ಮೂಲಕ ಈ ಕೆಲಸ ಆಗುತ್ತದೆ. ನಮಗೆ ಹತ್ತಿರದ ಕೇಂದ್ರ ಕಲ್ಲಿಕೋಟೆಯದು. ಮಂಗಳೂರಿನ ಬಿ.ಎ.ಗೆ ಕರ್ನಾಟಕ ಸರಕಾರದ ದೃಢೀಕರಣ ಬೇಕು, ಅದಕ್ಕೆ ಬೆಂಗಳೂರು. ಆಮೇಲಿನ ಹಂತ ಕೇಂದ್ರದ ವಿದೇಶಾಂಗ ಸಚಿವಾಲಯ. ಅಲ್ಲಿಂದ ದಾರಿ ಎರಡಾಗುತ್ತದೆ. ಒಮಾನ್ 2012ರಿಂದ, ಬಹ್ರೈನ್ 2013ರ ಕೊನೆಯಿಂದ, ಸೌದಿ ಅರೇಬಿಯಾ 2022ರ ಡಿಸೆಂಬರ್‌ನಿಂದ ದಾಖಲೆಗೆ ಒಂದೇ ಮುದ್ರೆ ಸಾಕೆಂದು ದೇಶಗಳು ಮಾಡಿಕೊಂಡ ಹೇಗ್ ಅಪಾಸ್ಟಿಲ್ ಒಪ್ಪಂದದಲ್ಲಿರುವುದರಿಂದ ಆ ಮೂರು ದೇಶಗಳಿಗೆ ಸಚಿವಾಲಯದ ಅಪಾಸ್ಟಿಲ್ ಮುದ್ರೆ ಸಾಕಾಗುತ್ತದೆ. ಯುಎಇ, ಕತಾರ್, ಕುವೈತ್‌ಗಳಿಗೆ ಆಯಾ ದೇಶದ ರಾಯಭಾರ ಕಚೇರಿಯ ಅಟೆಸ್ಟೇಶನ್ ಬೇಕು. ‘ಗಲ್ಫ್ ಅಟೆಸ್ಟೇಶನ್’ ಎಂದು ಒಂದೇ ದರ ಹೇಳುವ ಏಜೆನ್ಸಿಯೊಂದಿಗೆ ಯಾವ ದೇಶಕ್ಕೆ ಯಾವ ಮುದ್ರೆ ಎಂಬುದನ್ನು ಕೇಳಿ ತಿಳಿದುಕೊಳ್ಳಬೇಕು.

ಇಷ್ಟಾದ ಮೇಲೂ ಹೆಸರಿನ ತೊಡಕು ಉಳಿಯುತ್ತದೆ. ಎಸ್‌ಎಸ್‌ಎಲ್‌ಸಿ ಪುಸ್ತಕದಲ್ಲಿ ತರವಾಡು ಅಥವಾ ಮನೆತನದ ಇನಿಷಿಯಲ್, ಪದವಿಯಲ್ಲಿ ತಂದೆಯ ಹೆಸರು, ಪಾಸ್‌ಪೋರ್ಟಿನಲ್ಲಿ ಗಂಡನ ಹೆಸರು. ಕನ್ನಡದಲ್ಲೊಂದು, ಮಲಯಾಳಂನಲ್ಲೊಂದು ಬಗೆಯಾಗಿ ಬರೆದದ್ದು ಇಂಗ್ಲಿಷಿಗೆ ಬರುವಾಗ ಮೂರನೆಯ ರೂಪ ತಾಳುತ್ತದೆ. ಇಬ್ಬರೂ ಒಬ್ಬರೇ ಎಂದು ಕಂದಾಯ ಇಲಾಖೆ ನೀಡುವ ‘ಒನ್ ಆ್ಯಂಡ್ ಸೇಮ್’ ಪ್ರಮಾಣಪತ್ರ ಇಲ್ಲಿನ ಕಚೇರಿಗಳಲ್ಲಿ ನಡೆಯುತ್ತದೆ. ವಿದೇಶದ ಪರಿಶೀಲನಾ ಸಂಸ್ಥೆ ಅದನ್ನು ಒಪ್ಪಲೇಬೇಕೆಂದಿಲ್ಲ. ಒಂದೇ ಪದದ ಹೆಸರಿರುವ ಪಾಸ್‌ಪೋರ್ಟಿಗೆ ಯುಎಇ 2022ರ ನವೆಂಬರ್‌ನಲ್ಲಿ ಸಂದರ್ಶಕ ವೀಸಾವನ್ನು ನಿರ್ಬಂಧಿಸಿದಾಗ ಈ ಸಮಸ್ಯೆಯ ಇನ್ನೊಂದು ಮುಖ ಹಲವರಿಗೆ ಗೊತ್ತಾಯಿತು.

ಅರ್ಹತೆ ಪೂರ್ಣವಿಲ್ಲದೆ ಹೋದರೆ

ಫ್ಯಾಮಿಲಿ ವೀಸಾದಲ್ಲಿ ಗಂಡನ ಜೊತೆಗಿರುವ ವಿದ್ಯಾವಂತ ಹೆಣ್ಣುಮಕ್ಕಳನ್ನು ಶಾಲೆಗಳು ಸಂತೋಷದಿಂದ ತೆಗೆದುಕೊಳ್ಳುತ್ತವೆ, ಏಕೆಂದರೆ ವೀಸಾ ಹಾಗೂ ವಸತಿಯ ಖರ್ಚು ಉಳಿಯುತ್ತದೆ. ಅನುಮೋದನೆ ಸಿಗದಿದ್ದರೆ ಅವರನ್ನು ಸಹಾಯಕಿಯೆಂದು ತೋರಿಸಿ ಪೂರ್ಣ ಪಾಠದ ಹೊರೆಯನ್ನು ಹೊರಿಸುವ ಅಪಾಯವಿದೆ. ಶಿಕ್ಷಕಿಯೆಂಬ ದಾಖಲೆಯೇ ಇಲ್ಲದ್ದರಿಂದ ಆ ವರ್ಷಗಳು ಅನುಭವವಾಗಿ ಲೆಕ್ಕಕ್ಕೆ ಬರುವುದಿಲ್ಲ, ಮುಂದಿನ ಶಾಲೆಯಲ್ಲಿ ಮತ್ತೆ ಮೊದಲಿನಿಂದ ಆರಂಭಿಸಬೇಕು. ಕಾಗದದ ಕೊರತೆ ಬೆಳಕಿಗೆ ಬರುವುದು ಹೆಚ್ಚಾಗಿ ಹೀಗೆ ಶಾಲೆ ಬದಲಿಸುವಾಗ.

ದುಬೈಯ ಹೊಸ ಮಾರ್ಗಸೂಚಿಯನ್ನೂ ಈ ಹಿನ್ನೆಲೆಯಲ್ಲಿ ಓದಬೇಕು. ಶೈಕ್ಷಣಿಕ ಅವಧಿಯ ನಡುವೆ ಕೆಲಸ ಬಿಡುವ ಶಿಕ್ಷಕರನ್ನು 90 ದಿನಗಳ ಕಾಲ ಮತ್ತೊಂದು ಶಾಲೆಗೆ ನೋಂದಾಯಿಸದಿರುವ ನಿಯಮ ಅದರಲ್ಲಿದೆ. ಮಕ್ಕಳ ಪಾಠ ನಡುವೆ ಕಡಿಯಬಾರದು ಎಂಬ ಉದ್ದೇಶ ಒಳ್ಳೆಯದೇ. ಆದರೆ ಸಿಕ್ಕಿದ ಮೊದಲ ಕೆಲಸಕ್ಕೆ ಸೇರಿ, ಮೂರು ತಿಂಗಳಲ್ಲಿ ಒಳ್ಳೆಯದಕ್ಕೆ ಹಾರುವ ಹಳೆಯ ಲೆಕ್ಕಾಚಾರ ಇನ್ನು ನಡೆಯುವುದಿಲ್ಲ.

ಮನೆಪಾಠದ ವಿಷಯದಲ್ಲಿ ಸ್ವಲ್ಪ ಸಮಾಧಾನವಿದೆ. ಯುಎಇ 2023ರ ಡಿಸೆಂಬರಿನಲ್ಲಿ ಖಾಸಗಿ ಟ್ಯೂಷನ್‌ಗೆ ಪರವಾನಗಿ ನೀಡುವ ವ್ಯವಸ್ಥೆಯನ್ನು ತಂದಿತು. ಶಾಲೆಯಲ್ಲಿ ಕೆಲಸ ಮಾಡದವರೂ ಅರ್ಜಿ ಹಾಕಬಹುದು, ಅವಧಿ ಎರಡು ವರ್ಷ. ಅದಿಲ್ಲದೆ ಮನೆಯಲ್ಲಿ ಹಣ ಪಡೆದು ಪಾಠ ಹೇಳುವುದು ಕಾನೂನುಬಾಹಿರ.

ಊರಿನಿಂದಲೇ ಕೆಲಸ ಹುಡುಕುವವರು ಗಮನಿಸಬೇಕಾದದ್ದು ಬೇರೆ. ನೋಂದಾಯಿತ ರಿಕ್ರೂಟಿಂಗ್ ಏಜೆಂಟರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಏಜೆಂಟರು ನೋಂದಾಯಿತರೇ ಎಂಬುದನ್ನು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಶಿಕ್ಷಕರ ವೀಸಾಕ್ಕೆ ಬದಲಿಸಿಕೊಡುತ್ತೇವೆ ಎನ್ನುವ ಭರವಸೆಗೆ ಒಪ್ಪಬಾರದು. ಅನುಮೋದನೆ ಬರುವ ಮೊದಲೇ ತರಗತಿಯಲ್ಲಿ ನಿಲ್ಲಿಸಿದರೆ ದಂಡ ತೆರಬೇಕಾಗುವವರಲ್ಲಿ ಶಿಕ್ಷಕರೂ ಒಬ್ಬರಾಗುತ್ತಾರೆ.

ಯಾವುದನ್ನು ಮೊದಲು ಮಾಡಬೇಕು

ಈಗ ಪಿಯುಸಿ ಅಥವಾ ಪ್ಲಸ್ ಟು ಮುಗಿಸುತ್ತಿರುವವರಿಗೆ ಆಯ್ಕೆ ಇನ್ನೂ ಕೈಯಲ್ಲಿದೆ. ಗಲ್ಫ್‌ನ ಶಾಲೆಯೇ ಗುರಿಯಾದರೆ ರೆಗ್ಯುಲರ್ ಬಿ.ಎ. ಇಂಗ್ಲಿಷ್, ಅದೇ ವಿಷಯದಲ್ಲಿ ರೆಗ್ಯುಲರ್ ಬಿ.ಎಡ್. ಎಂಬ ಹಾದಿಗೆ ಬದಲಿ ಇಲ್ಲ. ಎರಡನ್ನೂ ಸೇರಿಸಿದ ನಾಲ್ಕು ವರ್ಷಗಳ ಸಂಯೋಜಿತ ಕೋರ್ಸ್ ಪೆರಿಯದ ಕೇಂದ್ರೀಯ ವಿಶ್ವವಿದ್ಯಾಲಯದಲ್ಲೂ ಇದೆ. ಪ್ರೈವೆಟ್ ಆಗಿ ಬಿ.ಎ. ಮುಗಿಸಿ ರೆಗ್ಯುಲರ್ ಬಿ.ಎಡ್. ಪಡೆದವರು, ಹೋಗಬೇಕೆಂದಿರುವ ದೇಶದ ಪ್ರಾಧಿಕಾರ ತಮ್ಮ ಬಿ.ಎ.ಯನ್ನು ಒಪ್ಪುತ್ತದೆಯೇ ಎಂಬುದನ್ನು ಆ ಶಾಲೆಯ ಮೂಲಕವೇ ಬರಹದಲ್ಲಿ ಕೇಳಿ ತಿಳಿದುಕೊಂಡ ಮೇಲಷ್ಟೇ ಅಟೆಸ್ಟೇಶನ್‌ಗೆ ಹಣ ಹಾಕುವುದು ಕ್ಷೇಮ.

ಕಾಗದಪತ್ರಗಳಿಗೂ ಒಂದು ಕ್ರಮವಿದೆ. ಹೆಸರಿನ ತಿದ್ದುಪಡಿ ಎಲ್ಲಕ್ಕಿಂತ ಮೊದಲು ಆಗಬೇಕು, ಅದೂ ಎಸ್‌ಎಸ್‌ಎಲ್‌ಸಿಯಿಂದ ಆರಂಭವಾಗಬೇಕು, ಏಕೆಂದರೆ ಮುಂದಿನ ಪ್ರಮಾಣಪತ್ರಗಳೆಲ್ಲ ಅದನ್ನೇ ಆಧರಿಸುತ್ತವೆ. ಆಮೇಲೆ ಪಾಸ್‌ಪೋರ್ಟ್, ಅನಂತರ ರಾಜ್ಯಗಳ ದೃಢೀಕರಣ, ದೇಶ ಖಚಿತವಾದ ಮೇಲೆ ಅಪಾಸ್ಟಿಲ್ ಅಥವಾ ರಾಯಭಾರ ಕಚೇರಿಯ ಮುದ್ರೆ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಕಚೇರಿಯಿಂದ ಪಡೆಯಬೇಕು; ಹಳೆಯದಾದರೆ ಅದನ್ನು ಒಪ್ಪದಿರುವುದರಿಂದ ಅವಸರದಲ್ಲಿ ಮಾಡಿಸಿ ಇಟ್ಟುಕೊಂಡು ಉಪಯೋಗವಿಲ್ಲ. ಐಇಎಲ್‌ಟಿಎಸ್ ಅಂಕಕ್ಕೆ ಸಾಮಾನ್ಯವಾಗಿ ಎರಡೇ ವರ್ಷ ಆಯುಷ್ಯ. ಎಲ್ಲರೂ ಮೊದಲು ಓಡಿಹೋಗಿ ಬರೆಯುವ ಆ ಪರೀಕ್ಷೆಯನ್ನು ನಿಜವಾಗಿ ಬರೆಯಬೇಕಾದದ್ದು ಕೊನೆಯಲ್ಲಿ, ಸಂದರ್ಶನದ ದಿನ ಹತ್ತಿರವಾದಾಗ.